ಸರ್ ಎಂ. ವಿಶ್ವೇಶ್ವರಯ್ಯನವರೂ ಕಾಲುವೆಯ ಕೊನೆಯ ಹೊಲವೂ

ಮನೆಯಾಗಲಿ, ಸೇತುವೆಯಾಗಲಿ, ಕೆರೆಯಾಗಲಿ, ಕಟ್ಟಿ ಮುಗಿಸಿದ ದಿನವೇ ಅದರ ಗುಣಾವಗುಣಗಳು ತಿಳಿಯುವದಿಲ್ಲ. ಹತ್ತು ಮಳೆಗಾಲಗಳು ಅದರ ಮೇಲೆ ಸುರಿದು ಹೋಗಬೇಕು, ಹತ್ತು ಬೇಸಿಗೆಗಳು ಅದನ್ನು ಸುಡಬೇಕು. ಆಗ ಅದನ್ನು ಕಲ್ಪಿಸಿದವನ ಬುದ್ಧಿಯ ಆಳವು ಗೊತ್ತಾಗುತ್ತದೆ. ಆದುದರಿಂದ ಒಂದು ರಚನೆಯ ನಿಜವಾದ ಪರೀಕ್ಷಕರು ಉದ್ಘಾಟನೆಯ ದಿನ ಹಾರ ಹಾಕುವವರಾಗಿರದೆ, ಅವರ ಮಕ್ಕಳೂ ಮೊಮ್ಮಕ್ಕಳೂ ಆಗಿರುತ್ತಾರೆ. ಭೂಮಿಯನ್ನೂ ನೀರನ್ನೂ ಕೆಡಿಸದೆ ಮುಂದಿನವರಿಗೆ ಉಳಿಸುವ ಮಾತು ಇಂದು ಲೋಕದಲ್ಲೆಲ್ಲ ಕೇಳಿಬರುತ್ತಿರುವಾಗ, ಈ ಹಳೆಯ ಸತ್ಯವನ್ನು ನಮ್ಮ ನಾಡಿನ ಒಬ್ಬ ಮಹನೀಯರ ಜೀವನದಲ್ಲಿಟ್ಟು ನೋಡುವದು ಉಚಿತವೆಂದು ನಾವು ಭಾವಿಸಿದ್ದೇವೆ.

ರೋಣ ತಾಲೂಕಿನ ಅಬ್ಬಿಗೇರಿಯಂಥ ಊರಿನವರಿಗೆ ಇದನ್ನು ಬಹಳ ವಿವರಿಸಬೇಕಾಗಿಲ್ಲ. ಅಲ್ಲಿಯದು ಮಳೆಯನ್ನು ನಂಬಿದ ಎರೆ ಭೂಮಿ. ಮಳೆ ಬಿದ್ದರೆ ಚಕ್ಕಡಿಯ ಗಾಲಿ ಹೂತುಹೋಗುವಷ್ಟು ಕೆಸರು. ಮಳೆ ಹೋದರೆ ಮುಂಗೈ ಇಳಿಯುವಷ್ಟು ಬಿರುಕು. ಹೊಲದ ಇಳಿಜಾರನ್ನು ನೋಡಿ ಒಡ್ಡು ಹಾಕಿದವನು ಹಿಂಗಾರಿಯ ಜೋಳವನ್ನೂ ಕಡಲೆಯನ್ನೂ ಕಾಣುತ್ತಾನೆ. ಕಣ್ಣು ಮುಚ್ಚಿ ಒಡ್ಡು ಹಾಕಿದವನ ಮಣ್ಣು ಹಳ್ಳದ ಪಾಲಾಗುತ್ತದೆ. ಅಲ್ಲಿಂದ ಬಹುದೂರವಲ್ಲದ ಸೂಡಿಯಲ್ಲಿ ಚಾಲುಕ್ಯರ ಕಾಲದ ನಾಗಕುಂಡವಿದೆ. ಲಕ್ಕುಂಡಿಯಲ್ಲಿ ಮೆಟ್ಟಿಲುಗಳುಳ್ಳ ಬಾವಿಗಳಿವೆ. ಅಂತರ್ಜಲವು ಏರಿದಾಗಲೂ ಇಳಿದಾಗಲೂ ನೀರು ಕೈಗೆಟುಕಬೇಕೆಂದು ಸುಮಾರು ಸಾವಿರ ವರ್ಷಗಳ ಹಿಂದಿನ ಶಿಲ್ಪಿಗಳು ಮೆಟ್ಟಿಲ ಮೇಲೆ ಮೆಟ್ಟಿಲನ್ನಿಟ್ಟರು. ಬರಗಾಲವನ್ನು ಮೊದಲೇ ಲೆಕ್ಕದಲ್ಲಿ ಹಿಡಿದು ಕಟ್ಟುವದೇ ಅವರ ವಿದ್ಯೆಯ ಸಾರವಾಗಿತ್ತು. ಅದೇ ವಿದ್ಯೆಯನ್ನು ಆಧುನಿಕ ಕಾಲದಲ್ಲಿ ಹಿರಿದಾದ ಪ್ರಮಾಣದಲ್ಲಿ ನಡೆಸಿದವರು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು.

ಪ್ರತಿವರ್ಷ ಸಪ್ಟೆಂಬರ 15ನೆಯ ದಿನ ಅವರ ಭಾವಚಿತ್ರಕ್ಕೆ ಮಾಲೆ ಬೀಳುತ್ತದೆ. ಅವರ ಶಿಸ್ತು, ಅವರ ಪೇಟ, ಅವರ ದೀರ್ಘಾಯುಷ್ಯ ಇವುಗಳ ಪ್ರಶಂಸೆಯಾಗುತ್ತದೆ. ಆದರೆ ಅವರು ಕಲ್ಪಿಸಿದ ಕೆಲಸಗಳೊಳಗೆ ಕಲ್ಲು ಗಾರೆಗಳಿಂದ ಆದುದು ಎಷ್ಟು, ನಿಯಮಗಳಿಂದ ಆದುದು ಎಷ್ಟು ಎಂಬ ವಿಚಾರವನ್ನು ಎತ್ತುವವರು ವಿರಳ. ಕಲ್ಲು ಗಾರೆಯ ಕೆಲಸ ಉಳಿದಿದೆ. ನಿಯಮವನ್ನು ನಾವು ಕಳೆದುಕೊಂಡಿದ್ದೇವೆ. ಈ ಲೇಖನದ ತಿರುಳು ಇಷ್ಟೇ.

ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿ ಅವರ ಜನ್ಮಸ್ಥಳ. ತಂದೆ ಶ್ರೀನಿವಾಸಶಾಸ್ತ್ರಿಗಳು ಸಂಸ್ಕೃತ ಬಲ್ಲವರು. ಮನೆಯಲ್ಲಿ ವಿದ್ಯೆಗೆ ಕೊರತೆಯಿಲ್ಲದಿದ್ದರೂ ಹಣಕ್ಕೆ ಕೊರತೆಯಿತ್ತು. ತಂದೆಯವರು ಬಾಲ್ಯದಲ್ಲಿಯೇ ತೀರಿಕೊಂಡುದರಿಂದ ಹುಡುಗನು ಬೆಂಗಳೂರಿನಲ್ಲಿ ಇತರರ ಮಕ್ಕಳಿಗೆ ಪಾಠ ಹೇಳಿ ತನ್ನ ಓದನ್ನು ಸಾಗಿಸಬೇಕಾಯಿತು. ಸೆಂಟ್ರಲ್ ಕಾಲೇಜಿನಿಂದ 1881ರಲ್ಲಿ ಬಿ.ಎ. ಆದ ಬಳಿಕ ಮೈಸೂರು ಸರಕಾರದ ವಿದ್ಯಾರ್ಥಿವೇತನವು ಅವರನ್ನು ಪುಣೆಯ ಸಾಯನ್ಸ್ ಕಾಲೇಜಿಗೆ ಕರೆದೊಯ್ದಿತು. 1883ರಲ್ಲಿ ಇಂಜಿನಿಯರಿಂಗ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆ ಹೊಂದಿದರು. ಮರುವರ್ಷವೇ ಮುಂಬಯಿ ಇಲಾಖೆಯ ಲೋಕೋಪಯೋಗಿ ಖಾತೆಯಲ್ಲಿ ಅಸಿಸ್ಟಂಟ ಇಂಜಿನಿಯರರಾಗಿ ಸೇರಿದರು. ನಮ್ಮ ಧಾರವಾಡ, ಬೆಳಗಾವಿ, ಬಿಜಾಪುರ ಜಿಲ್ಹೆಗಳೂ ಆಗ ಅದೇ ಇಲಾಖೆಗೆ ಸೇರಿದ್ದವು. ಮೈಸೂರಿನ ಹುಡುಗನಿಗೆ ವೃತ್ತಿಯ ದೀಕ್ಷೆ ದೊರೆತದ್ದು ನಾಸಿಕ, ಖಾನದೇಶ, ಪುಣೆಗಳ ಬರಡು ಭೂಮಿಯಲ್ಲಿ ಎಂಬುದನ್ನು ನಮ್ಮ ವಾಚಕರು ನೆನಪಿನಲ್ಲಿಡಬೇಕು. ಮಳೆ ಧಾರಾಳವಾಗಿ ಬೀಳುವ ಸೀಮೆಯಲ್ಲಿ ಕಲಿತವನಿಗೆ ಹನಿಯ ಬೆಲೆ ತಿಳಿಯುವದು ಕಷ್ಟ.

ಸಿಂಧದ ಸಕ್ಕರ ಪಟ್ಟಣಕ್ಕೆ ಕುಡಿಯುವ ನೀರನ್ನು ಒದಗಿಸುವ ಕೆಲಸವು ಅವರ ಪಾಲಿಗೆ ಬಂದುದು 1890ರ ದಶಕದ ನಡುವೆ. ಸಿಂಧೂ ನದಿಯ ನೀರು ಕೆಸರಿನಿಂದ ತುಂಬಿದ್ದು. ಅದನ್ನು ಸೋಸುವ ದೊಡ್ಡ ಕಾರಖಾನೆಗೆ ಪಟ್ಟಣಸಭೆಯಲ್ಲಿ ಹಣವಿಲ್ಲ. ವಿಶ್ವೇಶ್ವರಯ್ಯನವರು ನದಿಯ ಪಾತ್ರದಲ್ಲಿಯೇ ಬಾವಿಯನ್ನು ಇಳಿಸಿ, ಉಸುಕಿನ ಮೂಲಕ ಜಿನುಗಿ ಬರುವ ತಿಳಿನೀರನ್ನು ಸಂಗ್ರಹಿಸಿ, ಅದನ್ನು ಎತ್ತರದ ಜಲಾಶಯಕ್ಕೆ ಏರಿಸಿದರು. ಸೋಸುವ ಕೆಲಸವನ್ನು ನದಿಯ ಉಸುಕೇ ಮಾಡಿತು. ನಿಸರ್ಗದ ನಡೆಯನ್ನು ಅರಿತು ಅದನ್ನೇ ದುಡಿಸಿಕೊಳ್ಳುವ ಈ ಬುದ್ಧಿಯು ಅವರ ಮುಂದಿನ ಕೆಲಸಗಳಲ್ಲಿಯೂ ಕಾಣಸಿಗುತ್ತದೆ.

ಪುಣೆಯ ಹತ್ತಿರ ಖಡಕವಾಸಲೆಯ ಜಲಾಶಯದಲ್ಲಿ ಪ್ರತಿ ಮಳೆಗಾಲದಲ್ಲಿ ಕೋಡಿಯ ಮೇಲೆ ಹಲವು ಅಡಿ ನೀರು ಹರಿದು ವ್ಯರ್ಥವಾಗಿ ಹೋಗುತ್ತಿತ್ತು. ಬೇಸಿಗೆಯಲ್ಲಿ ಅದೇ ನೀರಿಗಾಗಿ ಜನರು ಬಾಯಿಬಿಡುತ್ತಿದ್ದರು. ಕಟ್ಟೆಯನ್ನೇ ಎತ್ತರಿಸಿದರೆ ವೆಚ್ಚವೂ ಅಪಾಯವೂ ಹೆಚ್ಚು. ಇದ್ದ ಕಟ್ಟೆಯನ್ನು ಹಾಗೆಯೇ ಇರಗೊಟ್ಟು ಕೋಡಿಯ ಮೇಲೆ ತಾವಾಗಿ ತೆರೆದು ತಾವಾಗಿ ಮುಚ್ಚುವ ಬಾಗಿಲುಗಳನ್ನು ಅವರು ಕಲ್ಪಿಸಿದರು. ನೀರು ಗೊತ್ತಾದ ಮಟ್ಟವನ್ನು ಮೀರಿದಾಗ ಬಾಗಿಲು ತೆರೆದು ಪ್ರವಾಹಕ್ಕೆ ದಾರಿ ಕೊಡುವದು. ಮಟ್ಟವು ಇಳಿದಾಗ ಮುಚ್ಚಿ ನೀರನ್ನು ಕಾಯ್ದಿಡುವದು. 1903ರಲ್ಲಿ ಅವುಗಳು ನೆಲೆಗೊಂಡವು. ಹಳೆಯ ಮಟ್ಟದ ಮೇಲೆ ಸುಮಾರು 8 ಅಡಿ ನೀರು ಉಳಿಯಿತು. ಈ ಯುಕ್ತಿಯ ಹಕ್ಕಿನ ಪತ್ರವು ಅವರ ಹೆಸರಿನಲ್ಲಿದ್ದರೂ, ಸರಕಾರಿ ನೌಕರನಾಗಿ ಮಾಡಿದ ಕೆಲಸಕ್ಕೆ ಬೇರೆ ಸಂಭಾವನೆ ಸಲ್ಲದೆಂದು ಅವರು ಅದನ್ನು ಸ್ವೀಕರಿಸಲಿಲ್ಲ. ಹೊಸದೊಂದನ್ನು ಕಟ್ಟುವ ಮೊದಲು ಇದ್ದುದನ್ನು ಪೂರ್ಣವಾಗಿ ಉಪಯೋಗಿಸಬೇಕೆಂಬ ಪಾಠವು ಇದರಲ್ಲಿದೆ. ಟೆಂಡರಿನ ಮೇಲೆ ಟೆಂಡರು ಕರೆಯುವ ನಮ್ಮ ಖಾತೆಗಳು ಇದನ್ನು ಮತ್ತೆ ಮತ್ತೆ ಓದತಕ್ಕದ್ದು.

ಆದರೆ ಇವೆಲ್ಲವುಗಳಿಗಿಂತ ಹಿರಿದಾದ ಅವರ ಕಲ್ಪನೆಯಲ್ಲಿ ಕಬ್ಬಿಣವಾಗಲಿ ಕಲ್ಲಾಗಲಿ ಇರಲಿಲ್ಲ. ಅದು ನೀರನ್ನು ಹಂಚುವ ಕ್ರಮ. ದಖ್ಖನದ ನೀರಾ ಕಾಲುವೆಯ ಮೇಲೆ ನಡೆದಿದ್ದ ವ್ಯವಹಾರವನ್ನು ಕೇಳಿರಿ. ಬೇಕಾದವರು ಅರ್ಜಿ ಹಾಕಿ ತಮ್ಮ ತಮ್ಮ ಹೊಲಕ್ಕೆ ನೀರನ್ನು ಪಡೆಯುತ್ತಿದ್ದರು. ಕಾಲುವೆಯ ತಲೆಯ ಹತ್ತಿರದವರು ಕಬ್ಬನ್ನು ಹಚ್ಚಿ ಮಿತಿಯಿಲ್ಲದೆ ನೀರು ಹಾಯಿಸುವರು. ಕೆಳಗಿನವರಿಗೆ ಬರಿಯ ಕಾಲುವೆಯ ಗುರುತು ಉಳಿಯುವದು. ಅಲ್ಲೊಂದು ಇಲ್ಲೊಂದು ಚದರಿದ ಹೊಲಗಳಿಗೆ ನೀರನ್ನು ಮುಟ್ಟಿಸುವದರಲ್ಲಿ ದಾರಿಯಲ್ಲಿಯೇ ಬಹಳ ನೀರು ಇಂಗಿಹೋಗುವದು. ಮೇಲಿನವರ ಭೂಮಿ ಅತಿನೀರಿನಿಂದ ಜವಳಾಗಿ, ಊರಿಗೆ ಮಲೇರಿಯ ಬಡಿದು, ನೀರು ಪಡೆದವರಿಗೂ ಸುಖವಿಲ್ಲ, ಪಡೆಯದವರಿಗೂ ಸುಖವಿಲ್ಲ ಎಂಬಂತಾಗಿತ್ತು. 1899ರ ಸುಮಾರಿಗೆ ವಿಶ್ವೇಶ್ವರಯ್ಯನವರು ಇದಕ್ಕೆ ಬ್ಲಾಕ್ ಪದ್ಧತಿಯೆಂಬ ಪರಿಹಾರವನ್ನು ಮುಂದಿಟ್ಟರು.

ಅದರ ಸ್ವರೂಪ ಸರಳವಾದುದು. ನೀರಾವರಿಯ ಭೂಮಿಯನ್ನು ಒಟ್ಟೊಟ್ಟಾದ ತುಕಡಿಗಳಾಗಿ ವಿಂಗಡಿಸುವದು. ಆ ತುಕಡಿಗಳನ್ನು ಒಂದೇ ಊರಿನಲ್ಲಿ ಕಿಕ್ಕಿರಿಸದೆ ಕಾಲುವೆಯುದ್ದಕ್ಕೂ ಅನೇಕ ಹಳ್ಳಿಗಳಿಗೆ ಹಂಚುವದು. ಒಂದೊಂದು ತುಕಡಿಗೆ ಇಷ್ಟೇ ನೀರೆಂದು ಗೊತ್ತುಪಡಿಸಿ ಅಳೆದು ಕೊಡುವದು. ತುಕಡಿಯೊಳಗೆ ಒಂದು ಪಾಲಿನಲ್ಲಿ ಮಾತ್ರ ಕಬ್ಬಿನಂಥ ಬಾಯಾರಿದ ಬೆಳೆ, ಉಳಿದ ಪಾಲುಗಳಲ್ಲಿ ಕಡಮೆ ನೀರಿನ ಬೆಳೆ. ವರ್ಷ ವರ್ಷಕ್ಕೆ ಈ ಪಾಲುಗಳನ್ನು ಅದಲುಬದಲು ಮಾಡುವದು. ಇದರಿಂದ ಭೂಮಿಗೆ ವಿಶ್ರಾಂತಿ ಸಿಕ್ಕುತ್ತದೆ, ಬೇರುಗಳಿಗೆ ಗಾಳಿ ಸಿಕ್ಕುತ್ತದೆ, ಕೆಳಗಿನ ಹಳ್ಳಿಗೆ ನೀರು ಸಿಕ್ಕುತ್ತದೆ. ಎಷ್ಟು ಎಕರೆಗೆ ನೀರು ಕೊಟ್ಟೆವೆಂಬ ಲೆಕ್ಕದೊಡನೆ, ಎಷ್ಟು ಜನರಿಗೆ ಎಷ್ಟು ಕಾಲದವರೆಗೆ ಕೊಟ್ಟೆವೆಂಬ ಲೆಕ್ಕವನ್ನೂ ಅವರು ಇಂಜಿನಿಯರನ ಕರ್ತವ್ಯಕ್ಕೆ ಸೇರಿಸಿದರು. ಮೊದಮೊದಲು ರೈತರಿಗೆ ಸಂಶಯ ಬಂದುದು ಸಹಜ; ಸರಕಾರದ ಹೊಸ ಕಟ್ಟಳೆಯೆಂದರೆ ಹೊಸ ಕರವೆಂಬುದೇ ಆ ಕಾಲದ ಅನುಭವವಾಗಿತ್ತು. ವಿಶ್ವೇಶ್ವರಯ್ಯನವರು ಕಚೇರಿಯಲ್ಲಿ ಕುಳಿತು ಹುಕುಮು ಹೊರಡಿಸುವದಕ್ಕಿಂತ ಜನರೊಡನೆ ಮಾತನಾಡಿ ಒಪ್ಪಿಸುವ ಮಾರ್ಗವನ್ನು ಹಿಡಿದರು. ಅವರ ನಕಾಶೆಯಲ್ಲಿ ಕಾಲುವೆಯ ಕೊನೆಯ ಹೊಲಕ್ಕೂ ಸ್ಥಾನವಿತ್ತೆಂಬುದೇ ನಮ್ಮ ದೃಷ್ಟಿಯಲ್ಲಿ ಅವರ ದೊಡ್ಡಸ್ತಿಕೆ.

ಇಂಥ ಯೋಗ್ಯತೆಯುಳ್ಳವರಿಗೂ ಮುಂಬಯಿ ಇಲಾಖೆಯಲ್ಲಿ ಮುಖ್ಯ ಇಂಜಿನಿಯರರ ಸ್ಥಾನವು ದೊರೆಯುವ ಆಶೆಯಿರಲಿಲ್ಲ. ಆ ಪೀಠಗಳು ಆಂಗ್ಲರಿಗೆ ಮೀಸಲು. 1908ರಲ್ಲಿ ಅವರು ಆ ನೌಕರಿಯನ್ನು ಬಿಟ್ಟು ಪರದೇಶ ಸಂಚಾರಕ್ಕೆ ಹೊರಟರು. ಪರಸರಕಾರವು ಕಳೆದುಕೊಂಡ ಮಾಣಿಕ್ಯವು ದೇಶೀಯ ಸಂಸ್ಥಾನಗಳ ಕೈಗೆ ಬಂದಿತು.

ಅದೇ 1908ರ ಸಪ್ಟೆಂಬರ 28ರಂದು ಹೈದರಾಬಾದಿನಲ್ಲಿ ಮೂಸಿ ನದಿಯು ಉಕ್ಕಿ ಸಾವಿರಾರು ಜನರನ್ನು ಕೊಚ್ಚಿಕೊಂಡು ಹೋಯಿತು. ನಿಜಾಮ ಸರಕಾರದ ಆಮಂತ್ರಣದಂತೆ ವಿಶ್ವೇಶ್ವರಯ್ಯನವರು 1909ರಲ್ಲಿ ಅಲ್ಲಿಗೆ ಬಂದರು. ಪಟ್ಟಣದ ದಂಡೆಗೆ ಗೋಡೆ ಕಟ್ಟಿದರೆ ಸಾಕೆಂದು ಹೇಳಿ ಅವರು ಹೊರಟುಹೋಗಲಿಲ್ಲ. ನೀರು ಎಲ್ಲಿಂದ ಬಂದಿತು, ಮೇಲಣ ಕೆರೆಗಳು ಹೇಗೆ ಒಡೆದವು ಎಂಬುದನ್ನು ಶೋಧಿಸಿ, ಪಟ್ಟಣದ ಮೇಲ್ಗಡೆಯಲ್ಲಿ ಮೂಸಿ ಈಸಿ ನದಿಗಳಿಗೆ ಎರಡು ಜಲಾಶಯಗಳನ್ನು ಕಟ್ಟಿ ಪ್ರವಾಹವನ್ನು ಅಲ್ಲಿಯೇ ತಡೆಯಬೇಕೆಂದು ಸೂಚಿಸಿದರು. 1920ರಲ್ಲಿ ಉಸ್ಮಾನ ಸಾಗರವೂ 1927ರಲ್ಲಿ ಹಿಮಾಯತ ಸಾಗರವೂ ಮುಗಿದವು. ಕೊಲ್ಲಲು ಬಂದ ನೀರೇ ಪಟ್ಟಣಕ್ಕೆ ಕುಡಿಯುವ ನೀರಾಯಿತು.

1909ರ ಕೊನೆಗೆ ಮೈಸೂರಿನ ಮುಖ್ಯ ಇಂಜಿನಿಯರರಾಗಿ ಬಂದ ಅವರ ಮುಂದೆ ಕಾವೇರಿಯ ಪ್ರಶ್ನೆಯಿತ್ತು. ಶಿವನಸಮುದ್ರದಲ್ಲಿ 1902ರಿಂದಲೇ ವಿದ್ಯುಚ್ಛಕ್ತಿ ಹುಟ್ಟಿ ಕೋಲಾರದ ಚಿನ್ನದ ಗಣಿಗಳಿಗೆ ಹೋಗುತ್ತಿತ್ತು. ಬೇಸಿಗೆಯಲ್ಲಿ ನದಿ ಬತ್ತಿದರೆ ಯಂತ್ರವೂ ಸೊರಗುತ್ತಿತ್ತು. ಕನ್ನಂಬಾಡಿಯ ಕಟ್ಟೆಯ ಕೆಲಸವು 1911ರಲ್ಲಿ ಮೊದಲಾಯಿತು. ಮದ್ರಾಸು ಸರಕಾರವು ಆಕ್ಷೇಪಿಸಿ ಕಡಮೆ ಎತ್ತರಕ್ಕೆ ಮಾತ್ರ ಅನುಮತಿ ಕೊಟ್ಟಿತು. ಆದರೆ ಅವರು ಮುಂದೊಂದು ದಿನ ಪೂರ್ಣ ಎತ್ತರದ ಕಟ್ಟೆಯನ್ನು ಹೊರಬಲ್ಲಷ್ಟು ಅಗಲವಾದ ಅಡಿಪಾಯವನ್ನೇ ಹಾಕಿಸಿದರು. 1924ರ ಒಪ್ಪಂದದಿಂದ ದಾರಿ ತೆರೆದಾಗ ಹಳೆಯ ಅಡಿಪಾಯವನ್ನು ಕಿತ್ತುಹಾಕುವ ಪ್ರಸಂಗವೇ ಬರಲಿಲ್ಲ. ಗಾರೆಗೆ ಸುಣ್ಣದೊಡನೆ ಸುಟ್ಟ ಮಣ್ಣಿನ ಪುಡಿಯಾದ ಸುರ್ಕಿಯನ್ನು ಬೆರೆಸಿದರು; ಅದು ನಾಡಿನಲ್ಲಿಯೇ ಸಿಕ್ಕುವ, ನಾಡಿನ ಕೂಲಿಕಾರರಿಗೆ ಕೆಲಸ ಕೊಡುವ ವಸ್ತು. 1930ರ ದಶಕದ ಆರಂಭಕ್ಕೆ ಕಟ್ಟೆಯು ಪೂರ್ಣಗೊಂಡು, ಮಂಡ್ಯದ ಸೀಮೆಯಲ್ಲಿ ಲಕ್ಷಕ್ಕೂ ಮೀರಿದ ಎಕರೆ ಭೂಮಿಗೆ ನೀರು ಬರುವ ದಾರಿಯಾಯಿತು.

1912ರಿಂದ 1918ರ ವರೆಗೆ ಅವರು ಮೈಸೂರಿನ ದಿವಾನರಾಗಿದ್ದರು. ಮೈಸೂರು ಬ್ಯಾಂಕು, ಕನ್ನಡ ಸಾಹಿತ್ಯ ಪರಿಷತ್ತು, ಮೈಸೂರು ವಿಶ್ವವಿದ್ಯಾನಿಲಯ, ಸಾಬೂನಿನ ಕಾರಖಾನೆ, ಭದ್ರಾವತಿಯ ಕಬ್ಬಿಣದ ಕಾರಖಾನೆಯ ನಿಶ್ಚಯ, ಇವೆಲ್ಲ ಆ ಆರು ವರ್ಷಗಳ ಸಂತಾನ. ಇವುಗಳನ್ನು ನಮ್ಮ ಓದುಗರು ಬಲ್ಲರಾದುದರಿಂದ ವಿಸ್ತರಿಸುವದಿಲ್ಲ. ಆದರೆ ಒಂದು ಸಂಗತಿಯನ್ನು ಮರೆಮಾಚುವದು ಪತ್ರಿಕಾಧರ್ಮವಲ್ಲ. ಸರಕಾರಿ ನೌಕರಿಗಳು ಬಹುಮಟ್ಟಿಗೆ ಒಂದೇ ಸಮಾಜದವರ ಕೈಯಲ್ಲಿದ್ದುದನ್ನು ಕುರಿತು ಉಳಿದ ಸಮಾಜಗಳು ಮೊರೆಯಿಟ್ಟಾಗ, ನಾಲ್ವಡಿ ಕೃಷ್ಣರಾಜ ಒಡೆಯರವರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರರ ಸಮಿತಿಯನ್ನು ನೇಮಿಸಿದರು. ಜಾತಿಯ ಆಧಾರದಿಂದ ನೌಕರಿ ಹಂಚಿದರೆ ಆಡಳಿತದ ದಕ್ಷತೆ ಕೆಡುವದೆಂಬುದು ದಿವಾನರ ಅಭಿಪ್ರಾಯ. ಮಹಾರಾಜರೊಡನೆ ಮತಭೇದವಾಗಿ ಅವರು ಅಧಿಕಾರವನ್ನು ಬಿಟ್ಟರು. ಅಭಿಪ್ರಾಯಕ್ಕಾಗಿ ಅಧಿಕಾರವನ್ನು ತ್ಯಜಿಸಿದ ಅವರ ನಿಷ್ಠೆಯು ಮಾನ್ಯವಾದುದು. ಪ್ರಾಥಮಿಕ ಶಿಕ್ಷಣವನ್ನು ಹಬ್ಬಿಸಲು ಅವರು ಪಟ್ಟ ಶ್ರಮವೂ ಸಣ್ಣದಲ್ಲ. ಆದರೂ ನಾವು ಹೇಳಲೇಬೇಕು: ಕಾಲುವೆಯ ತಲೆಯಲ್ಲಿದ್ದವರು ನೀರನ್ನೆಲ್ಲ ಹಿಡಿದುಕೊಂಡರೆ ಕೊನೆಯ ಹೊಲವು ತಾನಾಗಿ ಹಸುರಾಗುವದಿಲ್ಲವೆಂದು ನೀರಾ ಕಾಲುವೆಯ ಮೇಲೆ ಕಂಡುಕೊಂಡ ಕಣ್ಣು, ವಿದ್ಯೆ ಅಧಿಕಾರಗಳ ಕಾಲುವೆಯಲ್ಲಿ ಅದೇ ನ್ಯಾಯವನ್ನು ಕಾಣದೆ ಹೋಯಿತು. ಅಲ್ಲಿಯೂ ಪಾಲು ಗೊತ್ತುಪಡಿಸದೆ ಕೊನೆಯವನಿಗೆ ಮುಟ್ಟುವದಿಲ್ಲವೆಂಬುದನ್ನು ಮುಂದಿನ ಕಾಲವು ಒಪ್ಪಿಕೊಂಡಿತು.

ಅಧಿಕಾರ ಬಿಟ್ಟ ಮೇಲೆ ಅವರು ವಿಶ್ರಾಂತಿಯನ್ನು ಬಯಸಲಿಲ್ಲ. ನಷ್ಟದಲ್ಲಿದ್ದ ಭದ್ರಾವತಿಯ ಕಾರಖಾನೆಯನ್ನು 1923ರಿಂದ 1929ರ ವರೆಗೆ ಸಾಕಿ ನಿಲ್ಲಿಸಿದರು. 1934ರಲ್ಲಿ ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆಯು ಬೇಕೆಂದು ಪುಸ್ತಕ ಬರೆದರು. ದೇಶದಲ್ಲಿ ಯೋಜನಾ ಆಯೋಗವು ಹುಟ್ಟಿದ್ದು 1950ರಲ್ಲಿ. 1955ರಲ್ಲಿ ಭಾರತರತ್ನವನ್ನು ಪಡೆದು, ನೂರು ವರ್ಷಗಳನ್ನು ಪೂರೈಸಿ, 1962ರ ಏಪ್ರಿಲದಲ್ಲಿ ಬೆಂಗಳೂರಿನಲ್ಲಿ ದೇಹವಿಟ್ಟರು. ಹುಟ್ಟಿದ ಮುದ್ದೇನಹಳ್ಳಿಯ ಮಣ್ಣೇ ಅವರ ಸಮಾಧಿಗೆ ದೊರೆಯಿತು.

ಇನ್ನು ಅವರ ತರುವಾಯದ ಕಥೆ. ಮಂಡ್ಯದ ಕಾಲುವೆಯ ಮೇಲೆ ಮೊದಲು ಬ್ಲಾಕ್ ಪದ್ಧತಿಯೇ ನಡೆಯಿತು. ಕಾಲಕ್ರಮದಲ್ಲಿ ಕಬ್ಬಿನ ಮತ್ತು ಬತ್ತದ ಆಶೆಯು ಆ ನಿಯಮವನ್ನು ನುಂಗಿತು. ಕೊನೆಯಂಚಿನ ರೈತರು ನೀರಿಗಾಗಿ ಕೂಗುವದು ಅಲ್ಲಿ ಹೊಸ ಮಾತಲ್ಲ. ನಮ್ಮ ಕಡೆಯ ಕಥೆಯು ಇದಕ್ಕಿಂತ ಕಹಿಯಾದುದು. ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟು 1972ರಲ್ಲಿ ಮುಗಿಯಿತು. ನವಲಗುಂದ, ನರಗುಂದ, ರೋಣದ ಎರೆ ಭೂಮಿಗೆ ಜೋಳ, ಗೋದಿ, ಹತ್ತಿಗಳಂಥ ಕಡಮೆ ನೀರಿನ ಬೆಳೆಗಳಿಗಾಗಿ ಆ ಯೋಜನೆಯು ಹುಟ್ಟಿದುದು. ಕಾಗದದ ಮೇಲೆ ಬೆಳೆಯ ಕ್ರಮವಿತ್ತು. ಅದನ್ನು ನಡೆಸುವ ವ್ಯವಸ್ಥೆಯಿರಲಿಲ್ಲ. ಮೇಲಿನವರು ಕಬ್ಬು ಬತ್ತಗಳನ್ನು ಹಚ್ಚಿದರು. ಎರೆ ಮಣ್ಣು ನೀರನ್ನು ಬೇಗ ಇಳಿಯಗೊಡದು. ನಿಂತ ನೀರು ಆಳದ ಉಪ್ಪನ್ನು ಮೇಲಕ್ಕೆ ಎಳೆದು ತಂದು ಹೊಲದ ಮೇಲೆ ಬಿಳಿಯ ಹೆಪ್ಪು ಕಟ್ಟಿಸಿತು. ಸವಳು ಜವಳೆಂಬ ಜೋಡಿ ಶಬ್ದವನ್ನು ನಮ್ಮ ರೈತರು ಚೆನ್ನಾಗಿ ಬಲ್ಲರು. ಕೆಳಗಿನವರಿಗೆ ನೀರು ಬಾರದಿದ್ದರೂ ಅಭಿವೃದ್ಧಿ ಕರದ ನೋಟೀಸು ಮಾತ್ರ ತಪ್ಪದೆ ಬಂದಿತು. 1980ರ ಜುಲೈ 21ರಂದು ನರಗುಂದ ನವಲಗುಂದಗಳಲ್ಲಿ ರೈತರ ಸಿಟ್ಟು ಸಿಡಿದು, ಪೋಲೀಸರ ಗುಂಡಿಗೆ ರೈತರು ಬಲಿಯಾದರು. ಆ ದಿನವನ್ನು ನಾಡಿನ ರೈತರು ಇಂದಿಗೂ ಹುತಾತ್ಮ ದಿನವಾಗಿ ಆಚರಿಸುತ್ತಾರೆ.

ಆ ರಕ್ತಪಾತದ ಹೊಣೆಯನ್ನು ಕರ ಮತ್ತು ಪೋಲೀಸರ ಮೇಲೆ ಮಾತ್ರ ಹೊರಿಸಿದರೆ ಅರ್ಧ ಸತ್ಯವನ್ನು ಹೇಳಿದಂತಾಗುತ್ತದೆ. ಅಣೆಕಟ್ಟನ್ನು ಕಟ್ಟಿ ಹಂಚಿಕೆಯನ್ನು ಕಟ್ಟದೆ ಬಿಟ್ಟುದು ಅದರ ಬೇರು. ಎಂಟು ದಶಕಗಳ ಹಿಂದೆಯೇ ಈ ರೋಗಕ್ಕೆ ಔಷಧವನ್ನು ಒಬ್ಬ ಕನ್ನಡಿಗರು ಇದೇ ಇಲಾಖೆಯಲ್ಲಿ ಬರೆದು ಕೊಟ್ಟಿದ್ದರು. ಅವರ ಮೂರ್ತಿಗಳನ್ನು ನಿಲ್ಲಿಸಿದ ನಾವು ಅವರ ಔಷಧಪತ್ರವನ್ನು ಓದಲಿಲ್ಲ. ಮಹಾದಾಯಿ ನ್ಯಾಯಾಧಿಕರಣವು 2018ರಲ್ಲಿ ಕಳಸಾ ಬಂಡೂರಿ ನಾಲೆಗಳಿಂದ ಮಲಪ್ರಭೆಗೆ 3.9 ಟಿಎಂಸಿ ನೀರನ್ನು ಒಪ್ಪಿದೆ. ಆ ನೀರು ಬರಬೇಕೆಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ತೂತು ಬಿದ್ದ ಕೊಡಕ್ಕೆ ಇನ್ನೊಂದು ತಂಬಿಗೆ ನೀರು ಹೊಯ್ದರೆ ಕೊನೆಯ ಹೊಲದ ಬಾಯಾರಿಕೆ ಹಿಂಗೀತೆ ಎಂದು ಕೇಳುವ ಧೈರ್ಯವೂ ನಮಗಿರಬೇಕು.

ಕಾಲುವೆಯ ಮಾತನ್ನು ಬಿಟ್ಟು ಮಳೆಯ ಹೊಲಕ್ಕೆ ಬಂದರೂ ಪಾಠವು ಬೇರೆಯಾಗುವದಿಲ್ಲ. ಅಬ್ಬಿಗೇರಿಯಂಥ ಊರಿನಲ್ಲಿ ಒಡ್ಡು, ಕೃಷಿಹೊಂಡ, ಹಳ್ಳದ ಬಂಧಾರ ಇವೇ ಅಣೆಕಟ್ಟುಗಳು. ಒಬ್ಬನು ತನ್ನ ಹೊಲಕ್ಕೆ ಮಾತ್ರ ನೋಡಿ ಒಡ್ಡು ಹಾಕಿದರೆ ನೆರೆಯವನ ಹೊಲ ಕೊಚ್ಚಿಹೋಗುತ್ತದೆ. ಇಡೀ ಇಳಿಜಾರನ್ನು ಒಂದಾಗಿ ಹಿಡಿದು ಮೇಲಿನಿಂದ ಕೆಳಕ್ಕೆ ಯೋಚಿಸಿದರೆ ಎಲ್ಲರ ಮಣ್ಣೂ ಉಳಿಯುತ್ತದೆ. ಗಜೇಂದ್ರಗಡದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ಗಾಳಿ ಬಿಸಿಲುಗಳಿಂದ ವಿದ್ಯುತ್ತನ್ನು ಪಡೆಯುವದು ಮುಂದಿನ ಪೀಳಿಗೆಗೆ ಹಿತವೇ ಸರಿ. ಆದರೆ ಯಂತ್ರಕ್ಕೆ ಹಾಕಿದ ದಾರಿಯು ಹಳ್ಳದ ನೀರನ್ನು ಎತ್ತ ತಿರುಗಿಸುವದು, ಅದರ ಲಾಭದಲ್ಲಿ ಊರಿನ ಪಾಲೆಷ್ಟು ಎಂಬುದನ್ನು ನಕಾಶೆ ಬರೆಯುವಾಗಲೇ ಕೇಳತಕ್ಕದ್ದು. ಕಟ್ಟಿದ ಮೇಲೆ ಕೇಳುವದು ಹೊಳೆ ದಾಟಿದ ಮೇಲೆ ಅಂಬಿಗನನ್ನು ಹುಡುಕಿದಂತೆ.

ನಮ್ಮ ಓದುಗರಲ್ಲಿ ಅಧಿಕಾರಿಗಳಿದ್ದಾರೆ, ಇಂಜಿನಿಯರರಿದ್ದಾರೆ, ಪಟ್ಟಣಸಭೆ ಪಂಚಾಯಿತಿಗಳ ಸದಸ್ಯರಿದ್ದಾರೆ. ಅವರ ಮೇಜಿನ ಮೇಲೆ ನಾಳೆ ಯಾವದೊಂದು ಯೋಜನೆಯ ಕಾಗದ ಬಂದೇ ಬರುತ್ತದೆ. ರುಜು ಹಾಕುವ ಮೊದಲು ಅವರು ಎರಡು ಪ್ರಶ್ನೆಗಳನ್ನು ಹಾಕಿಕೊಳ್ಳಲಿ ಎಂಬುದು ನಮ್ಮ ವಿನಂತಿ. ಇದು ಕೊನೆಯ ಮನೆಗೆ ಮುಟ್ಟುವದೇ? ಮೂವತ್ತು ವರ್ಷಗಳ ಮೇಲೆ ಇದರ ದುರಸ್ತಿಯನ್ನು ಮಾಡುವವರಾರು, ಹಣ ಎಲ್ಲಿಂದ? ಉತ್ತರವು ಕಾಗದದಲ್ಲಿ ಇಲ್ಲದಿದ್ದರೆ ಕಾಗದವನ್ನು ಹಿಂದಕ್ಕೆ ಕಳಿಸುವ ಎದೆಗಾರಿಕೆ ಅವರಿಗಿರಲಿ. ಕಡಮೆ ಎತ್ತರದ ಅನುಮತಿಯಿದ್ದಾಗಲೂ ಪೂರ್ಣ ಎತ್ತರದ ಅಡಿಪಾಯವನ್ನು ಹಾಕಿದವರ ನಾಡು ಇದು. ಅಂಥವರ ಹೆಸರಿನಲ್ಲಿ ವರ್ಷಕ್ಕೊಮ್ಮೆ ಮಾಲೆ ಹಾಕುವವರ ಮೇಲೆ ಇಷ್ಟು ಹೊಣೆಯಾದರೂ ಇದೆ.